ಅಪ್ಪನ ಜನತಾ ಗಡಿಯಾರ

ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲೋ ಬೀರುವಿನ ಮೂಲೆಯಲ್ಲೋ ನಿಂತುಹೋದ ಎಚ್‌ಎಂಟಿ ಕೈಗಡಿಯಾರವೊಂದು ಮಲಗಿರಬಹುದು. ಇದ್ದರೆ, ಅದನ್ನು ಹಳೆಯ ಸಾಮಾನಿನವನ ಕೈಗೆ ಕೊಡುವ ಮುನ್ನ ನನ್ನ ಈ ಅನುಭವವನ್ನು ಒಮ್ಮೆ ಓದಿರಿ.

ನನ್ನ ತಂದೆಯವರು ಶಾಲಾ ಮಾಸ್ತರರು. ಅವರ ಎಡಗೈಯಲ್ಲಿ ನಾನು ಕಂಡದ್ದು ಒಂದೇ ಗಡಿಯಾರ, ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರಗಳ ತಯಾರಿಕೆ ಆರಂಭವಾಯಿತು. ಮದುವೆಯ ಉಡುಗೊರೆಯಾಗಲಿ, ನಿವೃತ್ತಿಯ ಕಾಣಿಕೆಯಾಗಲಿ, ಪರೀಕ್ಷೆಯಲ್ಲಿ ಪಾಸಾದ ಮಗನಿಗೆ ಬಹುಮಾನವಾಗಲಿ, ಎಷ್ಟೋ ವರ್ಷಗಳ ಕಾಲ ಅದೇ ಗಡಿಯಾರ. ಅಪ್ಪ ಪ್ರತಿದಿನ ಬೆಳಗಿನ ಕಾಫಿಗೆ ಮುನ್ನ ಅದಕ್ಕೆ ಕೀಲಿ ಕೊಡುತ್ತಿದ್ದರು. ನಮಗೆ ಮಕ್ಕಳಿಗೆ ಅದನ್ನು ಮುಟ್ಟಲು ಅಪ್ಪಣೆ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗಡಿಯಾರ ನನ್ನ ಪಾಲಿಗೆ ಬಂದಿತು. ಕಪಾಟನ್ನು ಒರೆಸುವಾಗ ನನ್ನ ಕೈಯಿಂದಲೇ ಅದು ಜಾರಿ ನೆಲಕ್ಕೆ ಬಿದ್ದಿತು. ಡಯಲಿನ ಮೇಲೆ ‘ಪ್ಯಾರಾ ಶಾಕ್’ ಎಂದು ಬರೆದಿರುವುದೇನೋ ನಿಜ. ಆದರೆ ಗ್ರಾನೈಟ್ ನೆಲದ ಮುಂದೆ ಆ ಬರಹವೂ ಸೋತಿತು. ಅಮ್ಮನಿಗೆ ಹೇಳಲು ಧೈರ್ಯ ಸಾಲದೆ ಎರಡು ತಿಂಗಳು ಬಚ್ಚಿಟ್ಟುಕೊಂಡಿದ್ದೆ.

ಕೊನೆಗೆ ಹಿರಿಯ ರಿಪೇರಿಗಾರರೊಬ್ಬರ ಬಳಿಗೆ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿ, “ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿದೆ” ಎಂದರು. ಆ ಪುಟ್ಟ ಚಕ್ರವೇ ಇಂತಹ ಗಡಿಯಾರದ ಹೃದಯ. ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಸಲ, ಅತ್ತಿಂದಿತ್ತ ತೂಗುತ್ತ ಅದು ಕಾಲವನ್ನು ಅಳೆಯುತ್ತದೆ. ಅದರ ಅಚ್ಚಿನ ಎರಡು ತುದಿಗಳೂ ಕೂದಲೆಳೆಯಷ್ಟು ಸಪೂರ. ಅಂತಹ ತುದಿಯೊಂದು ಮುರಿದಿತ್ತು.

ಬಿಡಿಭಾಗ ತರಿಸಬಹುದಲ್ಲವೇ ಎಂದೆ. ಅವರು ನಕ್ಕರು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಈಗ ಉಳಿದಿರುವುದು ಎರಡೇ ದಾರಿ: ಹಳೆಯ ವ್ಯಾಪಾರಿಗಳ ಡಬ್ಬಿಗಳಲ್ಲಿ ಉಳಿದಿರಬಹುದಾದ ಭಾಗಗಳನ್ನು ಹುಡುಕುವುದು, ಇಲ್ಲವೇ ಅದೇ ಯಂತ್ರವಿರುವ ಮತ್ತೊಂದು ಗಡಿಯಾರವನ್ನು ಕೊಂಡು ಬಿಚ್ಚುವುದು. ಜನತಾ ಮಾತ್ರವಲ್ಲ, ಅದೇ ಯಂತ್ರದ ಪೈಲಟ್ ಆದರೂ ಆದೀತು ಎಂದರು. ಹೊಳೆಯುವ ಹೊಸ ಡಯಲಿನ ‘ಹಳೆಯ’ ಗಡಿಯಾರಗಳನ್ನು ಮಾತ್ರ ನಂಬಬೇಡಿ, ಮೇಲೆ ಬಣ್ಣ ಬಳಿದು ಒಳಗೆ ಏನೇನೋ ತುಂಬಿರುತ್ತಾರೆ ಎಂದೂ ಎಚ್ಚರಿಸಿದರು. ಇದನ್ನು ನೀವೂ ನೆನಪಿಡಿ.

ಮೂರು ಭಾನುವಾರ ಚಿಕ್ಕಪೇಟೆಯ ಸಂತೆಯಲ್ಲಿ ಅಲೆದೆ. ತುಕ್ಕು ಹಿಡಿದ ಬೀಗಗಳ ನಡುವೆ ಕೊನೆಗೊಂದು ಜನತಾ ಸಿಕ್ಕಿತು. ಗಾಜು ಸೀಳಿತ್ತು, ಡಯಲಿಗೆ ನೀರಿಳಿದಿತ್ತು, ಕೀಲಿ ಹಿಡಿಯುತ್ತಿರಲಿಲ್ಲ. ಆದರೆ ಅಲುಗಾಡಿಸಿದರೆ ಒಳಗಿನ ಚಕ್ರ ಕ್ಷಣಕಾಲ ಟಿಕ್ ಟಿಕ್ ಎನ್ನುತ್ತಿತ್ತು. ಹಿಗ್ಗಿನಿಂದ ಮನೆಗೆ ತಂದು ಒರೆಸಿದಾಗ ಬೆನ್ನಿನ ಮುಚ್ಚಳದ ಮೇಲೆ ಅಕ್ಷರಗಳು ಕಂಡವು. ಯಾರೋ ಒಬ್ಬರಿಗೆ ನಿವೃತ್ತಿಯ ದಿನ ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟ ಕಾಣಿಕೆ ಅದು. ಹೆಸರೂ ಇತ್ತು, ದಿನಾಂಕವೂ ಇತ್ತು.

ನನ್ನ ಹಿಗ್ಗು ಇಳಿದುಹೋಯಿತು. ಇದೂ ಯಾರದೋ ಅಪ್ಪನ ಗಡಿಯಾರವಲ್ಲವೇ? ನನ್ನ ಮನೆಯ ನೆನಪನ್ನು ಉಳಿಸಲು ಇನ್ನೊಂದು ಮನೆಯ ನೆನಪನ್ನು ಬಿಚ್ಚಬೇಕೇ?

ರಿಪೇರಿಗಾರರ ಬಳಿ ಈ ಸಂಕೋಚವನ್ನು ತೋಡಿಕೊಂಡೆ. ಹೃದಯವನ್ನೇ ಬದಲಿಸಿದ ಮೇಲೆ ಅದು ಅಪ್ಪನ ಗಡಿಯಾರವಾಗಿ ಉಳಿದೀತೇ ಎಂದೂ ಕೇಳಿದೆ. ಅವರು ಮಾತನಾಡದೆ ಅಪ್ಪನ ಗಡಿಯಾರದ ಮುಚ್ಚಳವನ್ನು ತಿರುವಿ ಹಿಡಿದರು. ಒಳಮೈಯಲ್ಲಿ ಸೂಜಿಯಿಂದ ಗೀಚಿದ ಮೂರು ಸಣ್ಣ ಗುರುತುಗಳು. ರಿಪೇರಿ ಮಾಡಿದವರು ಹಾಗೆ ತಮ್ಮ ಗುರುತನ್ನೂ ತಾರೀಖನ್ನೂ ಗೀಚುವುದುಂಟಂತೆ. “ಇಲ್ಲಿ ನೋಡಿ ಸರ್, 1984. ಮೇನ್ ಸ್ಪ್ರಿಂಗು ಆಗಲೇ ಬದಲಾದ ಹಾಗಿದೆ. ಕ್ರೌನೂ ಮೊದಲಿನದಲ್ಲ. ನಿಮ್ಮ ತಂದೆಯವರೇ ಹಾಕಿಸಿದ್ದಾರೆ. ಅವರಿಗೆ ಇಲ್ಲದ ಅನುಮಾನ ನಿಮಗೇಕೆ?”

ನಾನು ಮರುಮಾತನಾಡಲಿಲ್ಲ. ಡಯಲನ್ನು ಮಾತ್ರ ಮುಟ್ಟಬಾರದೆಂದು ಕೇಳಿಕೊಂಡೆ. ಅದರಲ್ಲಿ ನಾಲ್ಕರ ಅಂಕಿಯ ಪಕ್ಕದಲ್ಲೊಂದು ಕಂದು ಕಲೆಯಿದೆ. ಹೊಸ ಡಯಲ್ ಹಾಕಿಸೆಂದು ತಂಗಿ ಒತ್ತಾಯಿಸಿದ್ದಳು, ನಾನು ಒಪ್ಪಲಿಲ್ಲ.

ಹತ್ತು ದಿನಗಳ ಬಳಿಕ ಗಡಿಯಾರವನ್ನು ಅಮ್ಮನ ಕೈಗಿತ್ತು, ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಎಂಬತ್ತು ದಾಟಿದ ಅಮ್ಮನಿಗೆ ದೃಷ್ಟಿ ಮಂದ. ಗಡಿಯಾರವನ್ನು ಕಣ್ಣಿನ ಹತ್ತಿರಕ್ಕೆ ತಂದು ಆ ಕಂದು ಕಲೆಯನ್ನು ಹುಡುಕಿದರು. “ಇದು ನಿನ್ನ ಬಾಣಂತನದ ಮಳೆಗಾಲದಲ್ಲಿ ಆದದ್ದು ಕಣೋ. ಔಷಧಿ ತರಲು ಹೋಗಿ ನೆನೆದು ಬಂದಿದ್ದರು” ಎಂದರು. ನಾನು ಬೀಳಿಸಿದ ಮಾತನ್ನು ಅವರು ಎತ್ತಲೇ ಇಲ್ಲ.

ಗಡಿಯಾರ ಈಗ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ. ಬೆಳಿಗ್ಗೆ ಕೀಲಿ ಕೊಡುವಾಗ ಸರಿಪಡಿಸುತ್ತೇನೆ. ಸಂತೆಯಲ್ಲಿ ಸಿಕ್ಕ ಗಡಿಯಾರದ ಉಳಿದ ಭಾಗಗಳನ್ನು ರಿಪೇರಿಗಾರರೇ ಇಟ್ಟುಕೊಂಡರು; ಇನ್ನಾರಿಗಾದರೂ ಬೇಕಾದೀತು. ಹೆಸರು ಕೆತ್ತಿದ ಮುಚ್ಚಳವನ್ನು ಮಾತ್ರ ಕೇಳಿ ತಂದು, ಅಪ್ಪನ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.