ಜಗಲಿಯ ಜರೀಗಿಡಗಳು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಶಾಲೆಯ ಅಭಿವೃದ್ಧಿಯನ್ನು ಕುರಿತು ಬರೆಯುವುದು ವಾಡಿಕೆ. ಕಟ್ಟಡ, ಪರೀಕ್ಷಾಫಲ, ಬಹುಮಾನಗಳ ವಿವರವು ವರದಿಯಲ್ಲಿಯೇ ಇರುವುದರಿಂದ, ನಾನು ಆಫೀಸಿನ ಮುಂದಣ ಜಗಲಿಯ ಕುಂಡಗಳ ವಿಷಯವಾಗಿ ನಾಲ್ಕು ಮಾತು ಬರೆಯಲು ಅಪೇಕ್ಷಿಸುತ್ತೇನೆ. ಹಳೆಯ ವಿದ್ಯಾರ್ಥಿನಿಯರು ಅವುಗಳನ್ನು ಮರೆತಿರಲಾರರು. ನೀರೆರೆಯುವ ಸರದಿಯಿಂದ ತಪ್ಪಿಸಿಕೊಂಡವರು ಬಹು ಕಡಿಮೆ.

ನಾನು ಈ ಕೆಲಸಕ್ಕೆ ಬಂದಾಗ ನನಗಿಂತ ಮುಂಚೆ ಇದ್ದವರು 12 ಜರೀಗಿಡಗಳನ್ನು ಬಿಟ್ಟುಹೋಗಿದ್ದರು. ಅವರ ಕೈಯಲ್ಲಿ ಹಸುರಾಗಿದ್ದವುಗಳು ನನ್ನ ಕೈಯಲ್ಲಿ ಬಾಡಬಾರದೆಂಬ ಹಟದಿಂದ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕುವಂತೆ ಹುಡುಗಿಯರಿಗೆ ಸರದಿಯನ್ನು ಗೊತ್ತುಮಾಡಿದೆನು. ಅವರು ಹಾಕಿ ಹೋದ ಮೇಲೆ ನಾನೂ ಒಂದೊಂದು ತಂಬಿಗೆ ಸುರಿಯುತ್ತಿದ್ದೆನು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಗರಿಗಳು ಹಳದಿಯಾಗಿ ಜೋತುಬಿದ್ದವು. ಬಾಯಾರಿಕೆಯೆಂದು ತಿಳಿದು ಇನ್ನಷ್ಟು ಹಾಕಿಸಿದೆನು. ಜುಲೈ ಮುಗಿಯುವುದರೊಳಗೆ 7 ಗಿಡಗಳು ಸತ್ತವು.

ಆ ವರ್ಷ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೋರ್ಡಿಂಗಿನವಳು, ಮಾತು ಕಡಿಮೆ, ಲೆಕ್ಕದಲ್ಲಿ ಬಹಳ ಹಿಂದೆ. ಅವಳನ್ನು ಹೇಗಾದರೂ ಮುಂದೆ ತರಬೇಕೆಂದು ಪ್ರತಿ ಸಂಜೆ ಆಟದ ಹೊತ್ತಿನಲ್ಲಿ ಜಗಲಿಯಲ್ಲಿ ನನ್ನ ಎದುರಿಗೆ ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಿದ್ದೆನು. ಒಂದು ತಪ್ಪಿದರೆ ಮತ್ತೆ ಹತ್ತು. ದಿನ ಹೋದಂತೆ, ಅವಳಿಗೆ ಮೊದಲು ಬರುತ್ತಿದ್ದುದೂ ಬಾರದಾಯಿತು. ಅದನ್ನು ಸೋಮಾರಿತನವೆಂದೆಣಿಸಿ ಇನ್ನರ್ಧ ಗಂಟೆ ಹೆಚ್ಚಿಸಿದೆನು.

ಒಂದು ಸಂಜೆ ನಾನು ಎಂಟನೆಯ ಕುಂಡಕ್ಕೆ ನೀರೆರೆಯುತ್ತಿರಲು ಅವಳು ಎದ್ದುಬಂದು, “ಟೀಚರ್, ಅದಕ್ಕೆ ಬಾಯಾರಿಕೆಯಲ್ಲ, ಉಸಿರು ಕಟ್ಟಿದೆ,” ಎಂದಳು. ಅವಳ ಅಜ್ಜಿಯು ಸಸಿಗಳನ್ನು ಬೆಳೆಸಿ ಸಂತೆಯಲ್ಲಿ ಮಾರುವವರಂತೆ. ನನ್ನ ಅಪ್ಪಣೆ ಪಡೆದು ಕುಂಡವನ್ನು ಬೋರಲು ಹಿಡಿದು ಮೆಲ್ಲನೆ ತಟ್ಟಿದಳು. ಮಣ್ಣು ಇಡಿಯಾಗಿ ಹೊರಬಂದಿತು. ತಳದ ತೂತು ಕಟ್ಟಿಹೋಗಿತ್ತು. ಬೇರುಗಳಲ್ಲಿ ಮುಕ್ಕಾಲು ಪಾಲು ಮೆತ್ತಗಾಗಿ, ಬೆರಳು ಸೋಂಕಿದರೆ ಕಳಚಿಬರುತ್ತ, ನಾರುತ್ತಿದ್ದವು.

ಬೇರಿಗೆ ನೀರಿನಂತೆಯೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಆಮ್ಲಜನಕವು ಒಳಗೆ ಸಾಕಷ್ಟು ಸೇರದು, ಬೇರು ಕೊಳೆಯುವುದು. ಹೀರುವ ಬೇರಿಲ್ಲದೆ ಎಲೆಯು ನೀರಿನ ನಡುವೆಯೇ ಬಾಡುವುದು. ಈ ಬಾಡುವಿಕೆಯು ಬಾಯಾರಿಕೆಯ ಬಾಡುವಿಕೆಯನ್ನೇ ಹೋಲುವುದರಿಂದ ಅವಸರದವರು ಮೋಸಹೋಗುತ್ತಾರೆ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆನು, ಪಾಠವನ್ನೂ ಹೇಳಿದ್ದೆನು. ಕುಂಡದ ಮುಂದೆ ಮಾತ್ರ ನೆನೆಯಲಿಲ್ಲ.

ಉಳಿದ 5 ಗಿಡಗಳ ಕೊಳೆತ ಬೇರನ್ನು ಕತ್ತರಿಸಿ, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವುಗಳನ್ನು ಬೆರೆಸಿ ಮತ್ತೆ ನೆಟ್ಟೆವು. ಅಂದಿನಿಂದ ನಮ್ಮ ಜಗಲಿಯ ನಿಯಮ ಇದು: ಗಡಿಯಾರವನ್ನು ನೋಡಿ ನೀರೆರೆಯಬಾರದು, ಬೆರಳನ್ನು ಒಂದು ಅಂಗುಲ ಮಣ್ಣಿಗೆ ಊರಿ ನೋಡಬೇಕು. ತೇವವಿದ್ದರೆ ತಂಬಿಗೆಯನ್ನು ಕೆಳಗಿಡಬೇಕು. ಮೇಲ್ಮಣ್ಣು ಒಣಗುತ್ತ ಬಂದಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಬೇಕು. ಮಾರ್ಚ್ ತಿಂಗಳ ಸೆಕೆಯಲ್ಲಿ ದಿನವೂ ನೀರು ಬೇಡುವ ಗಿಡವು ಮಳೆಗಾಲದಲ್ಲಿ ಹಲವು ದಿನ ಬೇಡದಿರಬಹುದು.

ಜರೀಗಿಡಕ್ಕೆ ನಮ್ಮ ಉಪಕಾರವು ಎಷ್ಟು ಅಲ್ಪವಾದರೂ ಸಾಕಾದೀತೆಂಬುದಕ್ಕೆ ಒಂದು ದೃಷ್ಟಾಂತವುಂಟು. 1829ರಲ್ಲಿ ಲಂಡನ್ನಿನ ವೈದ್ಯರಾದ ನಥಾನಿಯಲ್ ವಾರ್ಡರು ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದರು. ಯಾರೂ ನೆಡದ ಜರೀಸಸಿಯೊಂದು ಅದರೊಳಗೆ ಮೊಳೆಯಿತು. ಮೇಲೇರಿದ ತೇವವು ಗಾಜಿಗೆ ತಾಗಿ ಹನಿಯಾಗಿ ಮಣ್ಣಿಗೇ ಮರಳುತ್ತಿದ್ದುದರಿಂದ, ನೀರೆರೆಯುವವರಿಲ್ಲದೆ ಅದು ವರ್ಷಗಳ ಕಾಲ ಬದುಕಿತು.

ಗಿಡದ ಬೇರನ್ನು ನೋಡಿದ ಮೇಲೆ ಆ ಹುಡುಗಿಯ ಮುಖವನ್ನು ನೋಡುವುದು ನನಗೆ ಕಷ್ಟವಾಯಿತು. ಮರುದಿನ ಸಂಜೆ ಅವಳನ್ನು ಆಟಕ್ಕೆ ಕಳುಹಿಸಿದೆನು, ಕುಂಡಗಳ ಮೇಲ್ವಿಚಾರಣೆಯನ್ನು ಅವಳಿಗೆ ಒಪ್ಪಿಸಿದೆನು, ಲೆಕ್ಕದ ಮಾತನ್ನೆತ್ತಲಿಲ್ಲ. ಸುಮಾರು ಎರಡು ತಿಂಗಳ ಮೇಲೆ ಅವಳಾಗಿಯೇ ಪುಸ್ತಕ ಹಿಡಿದು ಬಂದು, “ಇದೊಂದು ತಿಳಿಯಲಿಲ್ಲ, ಟೀಚರ್,” ಎಂದಳು. ಅದೊಂದನ್ನೇ ತಿಳಿಸಿ ಸುಮ್ಮನಾದೆನು. ಅವಳು ಲೆಕ್ಕದಲ್ಲಿ ಬಹುಮಾನ ಪಡೆಯಲಿಲ್ಲ, ತೇರ್ಗಡೆಯಾದಳು, ನಕ್ಕಳು. ಆದರೆ ನಾನು ಅವಳಲ್ಲಿ ಕ್ಷಮೆ ಕೇಳಲಿಲ್ಲ. ಕುರ್ಚಿಯು ಅಡ್ಡಬಂದಿತು. ಈ ಸಂಚಿಕೆಯು ಅವಳ ಕೈಸೇರುವುದೆಂದು ನಂಬಿ ಇಲ್ಲಿ ಕೇಳಿಕೊಳ್ಳುತ್ತೇನೆ.

ತಾಯಿತಂದೆಗಳೂ ಉಪಾಧ್ಯಾಯಿನಿಯರೂ ಮಕ್ಕಳ ಮೇಲೆ ಸುರಿಯುವುದು ಪ್ರೀತಿಯಿಂದಲೇ, ಅದರಲ್ಲಿ ಸಂದೇಹವಿಲ್ಲ. ನೆಡುವುದೂ ನೀರೆರೆಯುವುದೂ ನಮ್ಮ ಪಾಲಿನ ಕೆಲಸ, ಬೆಳವಣಿಗೆಯು ನಮ್ಮ ಕೈಯಲ್ಲಿಲ್ಲವೆಂಬ ಪೌಲನ ಬೋಧನೆಯನ್ನು ಪ್ರಾರ್ಥನಾ ಸಮಯದಲ್ಲಿ ಎಷ್ಟೋ ಸಲ ಓದಿದ್ದ ನಾನು, ಅದನ್ನು ಒಂದು ಕುಂಡದಿಂದ ಕಲಿಯಬೇಕಾಯಿತು.

ಆ 5 ಗಿಡಗಳ ಬುಡ ಒಡೆದು ನೆಟ್ಟು ಈಗ ಜಗಲಿಯು ತುಂಬಿದೆ. ಹಳೆಯ ವಿದ್ಯಾರ್ಥಿನಿಯರು ಬಂದಾಗ ಒಂದೊಂದು ಸಸಿಯನ್ನು ಕೊಂಡೊಯ್ಯಬಹುದು. ಬೆರಳನ್ನು ಮಣ್ಣಿಗೆ ಊರದೆ ಮಾತ್ರ ನೀರೆರೆಯಬೇಡಿರಿ.