ಮೀನಿಲ್ಲದ ತೊಟ್ಟಿಯ ಐದು ವಾರ

ನಮ್ಮ ಅವಳಿ ನಗರದ ಹಳೆಯ ಮನೆಗಳ ಅಟ್ಟ ಹುಡುಕಿದರೆ ಮೂರು ವಸ್ತುಗಳು ಸಿಕ್ಕೇ ಸಿಗುತ್ತವೆ. ಚೈನು ಹೋದ ಸೈಕಲ್ಲು, ಗಾಳಿ ನಿಲ್ಲದ ಹಾರ್ಮೋನಿಯಂ, ಮೀನು ಸತ್ತ ಮೇಲೆ ಮಗುಚಿಟ್ಟ ಗಾಜಿನ ತೊಟ್ಟಿ. ಮೊದಲೆರಡನ್ನು ರಿಪೇರಿಯವರಿಗೆ ಬಿಡೋಣ. ಮೂರನೆಯದನ್ನು ಮನೆಯಲ್ಲೇ ಸರಿಮಾಡಬಹುದು. ಆದರೆ ಅದಕ್ಕೆ ಬೇಕಾದದ್ದು ದುಡ್ಡಿಗಿಂತ ಹೆಚ್ಚಾಗಿ ತಾಳ್ಮೆ.

ದಸರಾ ರಜೆ ಮುಗಿದು ಶಾಲೆ ತೆರೆದ ವಾರ, ವರ್ಗವಾಗಿ ಊರು ಬಿಡುತ್ತಿದ್ದ ಪಾಲಕರೊಬ್ಬರು ಇಂಥದೊಂದು ತೊಟ್ಟಿಯನ್ನು ನಮ್ಮ ವಿಜ್ಞಾನ ಕೊಠಡಿಗೆ ಕೊಟ್ಟುಹೋದರು. ಅದರಲ್ಲಿದ್ದ ಮೀನುಗಳೆಲ್ಲ ಒಂದೇ ವಾರದಲ್ಲಿ ಒಂದರ ಹಿಂದೊಂದು ಸತ್ತಿದ್ದವಂತೆ. ಹುಡುಗರಿಗೆ ಅದೇ ದಿನ ಮೀನು ತರುವ ಅವಸರ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಮಾತ್ರ ತೊಟ್ಟಿಯನ್ನೇ ನೋಡುತ್ತ ನಿಂತಿದ್ದಳು. "ಸರ್, ಆ ಮೀನ ಯಾಕ ಸತ್ವು ಗೊತ್ತಿಲ್ಲ. ನಮ್ಮವೂ ಹಂಗ ಸತ್ರ ಏನ್ ಮಾಡೂದ್ರಿ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಕಾರಣ ತಿಳಿಯದಿದ್ದಾಗ ರೋಗವೇ ಇತ್ತೆಂದು ಭಾವಿಸಿ ಶುಚಿಮಾಡುವುದೇ ದಾರಿ.

ಮೊದಲು ಅಳತೆ ತೆಗೆಸಿದೆ. ಉದ್ದ 60, ಅಗಲ 30, ಎತ್ತರ 30 ಸೆಂಟಿಮೀಟರ್. ಅಂದರೆ 54 ಲೀಟರ್; ಅಂಚು ಬಿಟ್ಟು ತುಂಬಿದರೆ ಸುಮಾರು 50 ಲೀಟರ್. ನೀರೇ 50 ಕಿಲೋ ತೂಗುವುದರಿಂದ ಅಲುಗಾಡುವ ಸ್ಟೂಲು ಸಾಲದು, ಗಟ್ಟಿ ಮೇಜೇ ಬೇಕು. ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ತೊಟ್ಟಿ ಇಟ್ಟು, ನೀರು ತುಂಬಿ ಒಂದು ದಿನ ಬಿಟ್ಟೆವು. ಪೇಪರು ಒದ್ದೆಯಾಗಲಿಲ್ಲ, ಸೋರಿಕೆ ಇಲ್ಲವೆಂದು ಖಾತ್ರಿಯಾಯಿತು.

ಗಾಜಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕರೆ ಕಟ್ಟಿತ್ತು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹೊದಿಸಿಟ್ಟರೆ ಆಮ್ಲಕ್ಕೆ ಕರಗಿ ಬಿಡುತ್ತದೆ. ಸೋಪು ಮಾತ್ರ ಬೇಡವೇ ಬೇಡ. ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿಯುವ ಸೋಪು ಮೀನಿನ ಕಿವಿರಿಗೆ ವಿಷ.

ವಿನೆಗರ್ ಪೂರ್ತಿ ತೊಳೆದುಹೋದ ಮರುದಿನವೇ ಬ್ಲೀಚಿನ ಕೆಲಸ. ಇವೆರಡನ್ನೂ ಒಟ್ಟಿಗೆ ಎಂದೂ ಸೇರಿಸಬಾರದು. ಬ್ಲೀಚಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಮನುಷ್ಯರ ಶ್ವಾಸಕೋಶವನ್ನೇ ಸುಡುವಂಥದ್ದು. ಹುಡುಗರನ್ನು ದೂರ ನಿಲ್ಲಿಸಿ, ಬಯಲಿನಲ್ಲಿ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ನಾನೇ ಈ ಕೆಲಸ ಮಾಡಿದೆ. ವಾಸನೆ, ಬಣ್ಣ ಬೆರೆಸದ ಸಾದಾ ಬ್ಲೀಚ್ ದ್ರಾವಣ ಒಂದು ಲೋಟ, ನೀರು ಹತ್ತೊಂಬತ್ತು ಲೋಟ. ಅದರಿಂದ ಗಾಜಿನ ಒಳಮೈ, ಬಲೆ, ಪ್ಲಾಸ್ಟಿಕ್ ಕೊಳವೆ ಎಲ್ಲವನ್ನೂ ಹದಿನೈದು ನಿಮಿಷ ಒದ್ದೆಯಾಗಿಟ್ಟೆ. ಕಟ್ಟಿಗೆಯ ತುಂಡು, ಸಣ್ಣ ರಂಧ್ರಗಳಿರುವ ಕಲ್ಲು ಬ್ಲೀಚನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತವೆ, ಅವನ್ನು ತೆಗೆದುಹಾಕಿದೆವು. ಹಳೆಯ ಸ್ಪಂಜನ್ನೂ ಎಸೆದು ಹೊಸದನ್ನು ತಂದೆವು.

ಗ್ಲೌಸ್ ಹಾಕಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಬ್ಯಾಕ್ಟೀರಿಯಾ ಮೀನಿನ ತೊಟ್ಟಿಯಿಂದ ಕೈಯ ಗಾಯದ ಮೂಲಕ ಒಳಸೇರಿ ಚರ್ಮದಲ್ಲಿ ಗಂಟು, ಹುಣ್ಣು ತರಬಲ್ಲದು. ಕೈಗೆ ಗಾಯವಾದ ಮಕ್ಕಳನ್ನು ತೊಟ್ಟಿ ತೊಳೆಯಲು ಕೂಡಿಸಬೇಡಿ.

ಬ್ಲೀಚಿನ ವಾಸನೆ ಹೋಗುವವರೆಗೆ ತೊಳೆದು, ಕೊನೆಗೆ ಒಂದು ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಕರಗಿಸಿದ ನೀರಿನಿಂದ ಜಾಲಿಸಿದೆವು. ಫೋಟೋ ಸ್ಟುಡಿಯೋದವರು ಡಾರ್ಕ್‌ರೂಮಿನಲ್ಲಿ 'ಹೈಪೋ' ಎಂದು ಬಳಸುತ್ತಿದ್ದದ್ದು ಇದನ್ನೇ. ಉಳಿದ ಕ್ಲೋರಿನ್ನನ್ನು ಇದು ಕ್ಷಣದಲ್ಲಿ ಕೊಲ್ಲುತ್ತದೆ. ಆಮೇಲೆ ಮೂರು ದಿನ ಅಕ್ಟೋಬರ್ ಬಿಸಿಲು. ಒಣಗುವುದೂ ಒಂದು ಔಷಧ. ಮೈಮೇಲೆ ಬಿಳಿ ಚುಕ್ಕೆ ಎಬ್ಬಿಸುವ ಪರೋಪಜೀವಿ ನೀರಿಲ್ಲದೆ, ಮೀನಿಲ್ಲದೆ ಬದುಕಲಾರದು.

ಈಗ ತೊಟ್ಟಿ ಫಳಫಳ ಹೊಳೆಯಿತು. ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರುವ ನಲ್ಲಿ ನೀರಿನಲ್ಲೂ ಕ್ಲೋರಿನ್ ಇರುತ್ತದಾದ್ದರಿಂದ ಅದನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ತುಂಬಿದೆವು. "ಸರ್, ಇವತ್ತ ಮೀನ ಬಿಡೂಣ್ರಿ?" ಎಂದು ಹುಡುಗರು ಕುಣಿದರು. "ತಡೀರಿ ಹುಡುಗ್ರಾ, ಈಗ ಬಿಟ್ರ ಸಾಯ್ತಾವು" ಎಂದೆ. ಇಷ್ಟು ಸ್ವಚ್ಛವಾದ ನೀರಿನಲ್ಲಿ ಮೀನು ಸಾಯುವುದೆಂದರೆ ಯಾರು ನಂಬುತ್ತಾರೆ?

ಸಂಗತಿ ಇಷ್ಟೇ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಬಿಡುತ್ತದೆ. ಅದು ಅದಕ್ಕೇ ವಿಷ. ಹೊಳೆ, ಕೆರೆಗಳಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಮಾಡುತ್ತವೆ. ಬ್ಲೀಚಿಗೆ ಒಳ್ಳೆಯವರು, ಕೆಟ್ಟವರು ಎಂಬ ಭೇದವಿಲ್ಲ. ರೋಗಾಣುವಿನ ಜೊತೆಗೆ ಈ ಜಾಡಮಾಲಿಗಳನ್ನೂ ಅದು ಮುಗಿಸಿರುತ್ತದೆ. ಅವು ಮತ್ತೆ ಬಂದು ನೆಲೆಸುವವರೆಗೆ ತೊಟ್ಟಿ ಸ್ವಚ್ಛವಾಗಿದೆ, ಆದರೆ ಸಿದ್ಧವಾಗಿಲ್ಲ.

ಇದರ ಹಿಂದೆ ಅಪ್ಪ-ಮಗನ ಕತೆಯೊಂದಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್ ಮತ್ತು ನೀರುಗಿಡ ಬೆಳೆಸಿ, ಕೊಳೆತ ಎಲೆ ನೀರು ಕೆಡಿಸಿದಾಗ ಅದನ್ನು ತಿನ್ನಲು ಬಸವನಹುಳು ಬಿಟ್ಟು, ಎಲ್ಲವೂ ಸಮತೋಲದಿಂದ ಬದುಕಿದ್ದನ್ನು 1850ರಲ್ಲಿ ವರದಿ ಮಾಡಿದರು. ಅದೇ ಹೆಸರಿನ ಅವರ ಮಗ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದು, ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ ಎಂದು ತೋರಿಸಿದರು. ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸುವುದು ಮಾತ್ರ ಅವರಿಗೆ ಕೈಗೂಡಲಿಲ್ಲ. 1890ರಲ್ಲಿ ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದರು. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದೆಂದು ಗೊತ್ತಾದದ್ದು 2015ರಲ್ಲಿ! ಗಾಜಿನ ತೊಟ್ಟಿಯೊಳಗೆ ಕಲಿಯುವುದು ಇನ್ನೂ ಮುಗಿದಿಲ್ಲ.

ನಾವು ಗಾಳಿ ಪಂಪು, ಸ್ಪಂಜಿನ ಫಿಲ್ಟರು ಹಚ್ಚಿ, ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕತೊಡಗಿದೆವು. ಅದು ಕೊಳೆತು ಅಮೋನಿಯಾ ಆಗಬೇಕು. ಅದನ್ನು ಉಣ್ಣಲು ಬ್ಯಾಕ್ಟೀರಿಯಾ ಬರಬೇಕು. ಅಂಗಡಿಯಿಂದ ತಂದ ಪರೀಕ್ಷೆಯ ದ್ರಾವಣದಿಂದ ಎರಡು ದಿನಕ್ಕೊಮ್ಮೆ ಅಳೆದು ಹುಡುಗರು ಗ್ರಾಫ್ ಬರೆದರು. ಮೀಟಿಂಗಿಗೆ ಬಂದ ಪಾಲಕರೊಬ್ಬರು, "ಏನ್ರಿ ಸರ್, ಬರೇ ನೀರಿಗೆ ಊಟ ಹಾಕಾಕತ್ತೀರಲ್ಲ, ಮೀನ ಎಲ್ಲಿ ಅದಾವ?" ಎಂದು ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ಅವರ ಮಗ ಗ್ರಾಫಿನ ಮೇಲೆ ಬೆರಳಿಟ್ಟ. "ಅಪ್ಪಾ, ಇಲ್ಲಿ ನೋಡು. ಅಮೋನಿಯಾ ಇಳಿಯಾಕತ್ತೈತಿ, ನೈಟ್ರೈಟ್ ಏರಾಕತ್ತೈತಿ. ಎರಡೂ ಸೊನ್ನೆಗೆ ಬಂದ ದಿನ ಮೀನ ಬರ್ತಾವು." ಅಪ್ಪ ನಗು ನಿಲ್ಲಿಸಿ ಗ್ರಾಫಿನ ಮೇಲೆ ಬಗ್ಗಿದರು. ಎಷ್ಟೋ ವರ್ಷಗಳ ನನ್ನ ಪಾಠಗಳಲ್ಲಿ ಇಂಥ ಗಳಿಗೆಗಳನ್ನು ಬೆರಳೆಣಿಸಿ ಹೇಳಬಹುದು.

ಐದನೆಯ ವಾರ ಎರಡೂ ಸೊನ್ನೆಗೆ ಬಂದವು. ಅರ್ಧದಷ್ಟು ನೀರು ಬದಲಿಸಿ ನಾಲ್ಕೇ ಗಪ್ಪಿ ಮೀನು ಬಿಟ್ಟೆವು. ಒಮ್ಮೆಲೇ ಇಪ್ಪತ್ತು ಬಿಟ್ಟರೆ ಹೊಸ ಬ್ಯಾಕ್ಟೀರಿಯಾಗಳಿಗೆ ಹೊರೆ ಹೆಚ್ಚಾಗುತ್ತದೆ. ಗಪ್ಪಿ ಮರಿ ಹಾಕುವ ಜಾತಿ, ಬೇಗ ಬೆಳೆಯುತ್ತದೆ. ಹೆಚ್ಚಾದವನ್ನು ಉಣಕಲ್ ಕೆರೆಗೆ ಬಿಟ್ಟುಬರುವ ಪುಣ್ಯದ ಕೆಲಸ ಬೇಡ. ಹೊರಗಿನ ಮೀನು, ಹೊರಗಿನ ರೋಗ ಎರಡೂ ಕೆರೆಗೆ ಸೇರುತ್ತವೆ.

ಪಾಲಕರಿಗೊಂದು ಮಾತು. ಹುಟ್ಟುಹಬ್ಬಕ್ಕೆ ಮೀನು ಬೇಕೆಂದು ಮಗು ಹಟ ಹಿಡಿದರೆ, ಒಂದೂವರೆ ತಿಂಗಳು ಮುಂಚೆಯೇ ಅಟ್ಟದ ತೊಟ್ಟಿ ಇಳಿಸಿರಿ. ಬ್ಲೀಚು ನಿಮ್ಮ ಕೈಯಲ್ಲಿರಲಿ, ಅಳತೆಯ ನೋಟುಬುಕ್ಕು ಮಗುವಿನ ಕೈಯಲ್ಲಿರಲಿ. ಹುಟ್ಟುಹಬ್ಬದ ದಿನ ಮೀನು ತನ್ನಿರಿ.