ಬಾಗಿಲು ಮುಚ್ಚಿದ ಚರ್ಚೆಗಳು

ಅಳತೆ ಗುರುತಿಲ್ಲದ ಪಟ್ಟಿ, ಕೈವಾರಗಳಿಂದಲೇ ವೃತ್ತದಷ್ಟು ವಿಸ್ತೀರ್ಣದ ಚೌಕ ರಚಿಸುವುದು, ಕೋನವನ್ನು ಮೂರು ಸಮಭಾಗ ಮಾಡುವುದು, ಘನದ ಗಾತ್ರ ಇಮ್ಮಡಿಸುವುದು, ತಾನಾಗಿಯೇ ಸದಾ ಓಡುವ ಯಂತ್ರ ಕಟ್ಟುವುದು: ಈ ನಾಲ್ಕರ ಬಗ್ಗೆ ಬರುವ ಯಾವ ಬರಹವನ್ನೂ ಇನ್ನು ಪರಿಶೀಲಿಸುವುದಿಲ್ಲವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ತೀರ್ಮಾನಿಸಿತು. ಹವ್ಯಾಸಿಗಳ 'ಪರಿಹಾರ'ಗಳು ಬರುತ್ತಲೇ ಇದ್ದವು. ಒಂದೊಂದರಲ್ಲೂ ತಪ್ಪು ಹುಡುಕುವುದರಲ್ಲೇ ವಿದ್ವಾಂಸರ ಸಮಯ ಕಳೆಯುತ್ತಿತ್ತು. ಅಕಾಡೆಮಿ ಕೊಟ್ಟ ಇನ್ನೊಂದು ಕಾರಣ ಮನ ಕಲಕುತ್ತದೆ: ನಿಲ್ಲದ ಯಂತ್ರದ ಹಂಬಲಕ್ಕೆ ಬಿದ್ದು ಎಷ್ಟೋ ಮನೆತನಗಳು ಹಾಳಾಗಿದ್ದವು.

ವಿಶೇಷವೆಂದರೆ, ಗಣಿತದ ಆ ಮೂರು ಸಮಸ್ಯೆಗಳು ಅಸಾಧ್ಯವೆಂಬುದು ಆಗಿನ್ನೂ ಸಾಬೀತಾಗಿರಲಿಲ್ಲ. ಕೋನ ಮತ್ತು ಘನದ ಅಸಾಧ್ಯತೆಯನ್ನು ಗಣಿತಜ್ಞ ಪಿಯೇರ್ ವಾಂಟ್ಜೆಲ್ 1837ರಲ್ಲಿ ಸಾಬೀತುಪಡಿಸಿದರು; ವೃತ್ತದ್ದು ಇತ್ಯರ್ಥವಾದದ್ದು 1882ರಲ್ಲಿ, ಲಿಂಡೆಮನ್ ಅವರಿಂದ. ನಿರ್ಧಾರ ಮೊದಲು, ಪುರಾವೆ ಆಮೇಲೆ. ಆದರೂ ಅದು ವಿವೇಕದ ನಿರ್ಧಾರವೇ.

1866ರಲ್ಲಿ ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವೂ ತನ್ನ ನಿಯಮಾವಳಿಯಲ್ಲಿ ಭಾಷೆಯ ಹುಟ್ಟಿನ ಕುರಿತ ಪ್ರಬಂಧಗಳನ್ನು ನಿಷೇಧಿಸಿತು. ಇಲ್ಲಿ ಕಾರಣ ಬೇರೆ. ಊಹೆಗಳು ಹೇರಳವಾಗಿದ್ದವು, ಅವುಗಳನ್ನು ಒರೆಗೆ ಹಚ್ಚುವ ಸಾಕ್ಷ್ಯವಿರಲಿಲ್ಲ. ಆದರೆ ಪ್ರಶ್ನೆ ಸಾಯಲಿಲ್ಲ: 20ನೇ ಶತಮಾನದ ಕೊನೆಯ ದಶಕಗಳಲ್ಲಿ ಪಳೆಯುಳಿಕೆ, ತಳಿವಿಜ್ಞಾನ, ವಾನರ ಸಂವಹನದ ಅಧ್ಯಯನಗಳು ಅದನ್ನು ಮತ್ತೆ ವಿದ್ವತ್ ಸಭೆಗೆ ತಂದವು.